ಪದಪೂರಣವೂ ಕನ್ನಡದ ವರ್ಣವಿಭಾಗವೂ

೧

ಪ್ರಾಚೀನ ಕಾವ್ಯಗಳನ್ನು ಪಾಠಹೇಳುವ ಉಪಾಧ್ಯಾಯರಿಗೆ ಪ್ರತೀಕವೆಂಬುದು ಅಪರಿಚಿತವಾದುದಲ್ಲ. ಪದ್ಯದ ಮೊದಲ ಒಂದೆರಡು ಶಬ್ದಗಳನ್ನು ಉಚ್ಚರಿಸಿದ ಮಾತ್ರಕ್ಕೆ ಅಭ್ಯಾಸವುಳ್ಳವರು ಇಡಿಯ ಪದ್ಯವನ್ನು ನೆನಪಿಗೆ ತಂದುಕೊಳ್ಳುವರು. ವ್ಯಾಖ್ಯಾನಕಾರರು ಆ ಮೊದಲ ಮಾತನ್ನೇ ಎತ್ತಿಕೊಂಡು ಪೂರ್ಣಪದ್ಯವನ್ನು ಸೂಚಿಸುವರು. ಗ್ರಂಥಸಂಪಾದಕರು ಪುಸ್ತಕದ ಕೊನೆಯಲ್ಲಿ ಪದ್ಯಗಳ ಅಕಾರಾದಿಯನ್ನು ಕೊಡುವುದೂ ಇದೇ ಉದ್ದೇಶದಿಂದ. ಆದಿಯನ್ನು ಕೊಟ್ಟು ಪೂರ್ಣವನ್ನು ಪಡೆಯುವ ಈ ಉಪಾಯವೇ ಇಂದಿನ ಗಣಕಯಂತ್ರಗಳಲ್ಲಿ ಬೇರೊಂದು ರೂಪದಿಂದ ಕಾಣಿಸಿಕೊಂಡಿದೆ. ಅದನ್ನು ವಿವರಿಸಿ, ಕನ್ನಡದಲ್ಲಿ ಅದು ಸರಿಯಾಗಿ ನಡೆಯಬೇಕಾದರೆ ನಮ್ಮ ವೈಯಾಕರಣರ ವರ್ಣವಿಭಾಗವು ಎಷ್ಟು ಉಪಯುಕ್ತವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಗಣಕಯಂತ್ರದ ಪರದೆಯ ಮೇಲೆ ಲಾಂಚರ್ ಎಂಬ ಒಂದು ಸಣ್ಣ ಪೆಟ್ಟಿಗೆಯನ್ನು ತೆರೆಯಬಹುದು. ಬೇಕಾದ ತಂತ್ರಾಂಶದ ಅಥವಾ ಕಡತದ ಹೆಸರಿನ ಮೊದಲ ಅಕ್ಷರಗಳನ್ನು ಅದರಲ್ಲಿ ಒತ್ತುತ್ತಿರಲು, ಆ ಅಕ್ಷರಗಳಿಂದ ಮೊದಲಾಗುವ ಹೆಸರುಗಳ ಪಟ್ಟಿಯೊಂದು ಕೆಳಗೆ ಮೂಡುತ್ತದೆ. ಒಂದೊಂದು ಅಕ್ಷರವನ್ನು ಒತ್ತಿದಂತೆಲ್ಲ ಪಟ್ಟಿಯು ಕಿರಿದಾಗುತ್ತ ಬಂದು ಕಡೆಗೆ ಬೇಕಾದ ಹೆಸರೊಂದೇ ಉಳಿಯುತ್ತದೆ. ಆಗ ಕೀಲಿಯೊಂದನ್ನು ಒತ್ತಿದರೆ ಹೆಸರು ತಾನಾಗಿ ಪೂರ್ಣವಾಗುತ್ತದೆ. ಇದನ್ನು ಇಲ್ಲಿ ಪದಪೂರಣವೆಂದು ಕರೆಯುತ್ತೇವೆ. ಇದನ್ನು ಅವಧಾನಿಗಳ ಸಮಸ್ಯಾಪೂರಣದೊಡನೆ ಹೋಲಿಸಬಾರದು. ಸಮಸ್ಯಾಪೂರಣದಲ್ಲಿ ಇಲ್ಲದುದನ್ನು ಕವಿಯು ಹೊಸದಾಗಿ ಕಟ್ಟುತ್ತಾನೆ. ಪದಪೂರಣದಲ್ಲಿ ಸಂಗ್ರಹದಲ್ಲಿ ಮೊದಲೇ ಇರುವ ಹೆಸರನ್ನು ಯಂತ್ರವು ಹುಡುಕಿಕೊಡುತ್ತದೆ. ಆದುದರಿಂದ ಇದು ಪ್ರತೀಕಕ್ಕೇ ಸಮೀಪವಾದುದು.

೨

ಈ ಉಪಾಯವು ಹೊಸದಲ್ಲ. ಅಮೆರಿಕದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಎಂಬ ಸಂಸ್ಥೆಯವರು ೧೯೬೯ರ ಸುಮಾರಿನಿಂದ ನಿರ್ಮಿಸಿದ ಟೆನೆಕ್ಸ್ ಎಂಬ ವ್ಯವಸ್ಥೆಯಲ್ಲಿ, ಆಜ್ಞೆಯ ಮೊದಲ ಭಾಗವನ್ನು ಬರೆದು ‘ಎಸ್ಕೇಪ್’ ಎಂಬ ಕೀಲಿಯನ್ನು ಒತ್ತಿದರೆ, ಸಂದೇಹಕ್ಕೆ ಆಸ್ಪದವಿಲ್ಲದಿದ್ದಲ್ಲಿ, ಯಂತ್ರವೇ ಉಳಿದುದನ್ನು ಬರೆಯುತ್ತಿತ್ತು. ಮುಂದೆ ಕೆನ್ ಗ್ರೀರ್ ಎಂಬವರು ಇದನ್ನು ಯೂನಿಕ್ಸ್ ವ್ಯವಸ್ಥೆಯ ಸಿ-ಷೆಲ್ಲಿಗೆ ಅಳವಡಿಸಿದರು. ಅದರಿಂದ ಹುಟ್ಟಿದ ಟಿ-ಸಿ-ಷೆಲ್ಲಿನ ಹೆಸರಿನಲ್ಲಿರುವ ‘ಟಿ’ಯು ಟೆನೆಕ್ಸಿನ ಸ್ಮರಣೆ. ೨೦೦೩ರ ಸುಮಾರಿಗೆ ಕಾಣಿಸಿಕೊಂಡ ಕ್ವಿಕ್‌ಸಿಲ್ವರ್ ಮೊದಲಾದವು ಇದೇ ಉಪಾಯವನ್ನು ಆಜ್ಞೆ ಬರೆಯುವವರ ಕೈಯಿಂದ ಸಾಮಾನ್ಯರ ಡೆಸ್ಕ್‌ಟಾಪಿಗೆ ತಂದುವು.

ಯಂತ್ರವು ಇಷ್ಟು ಶೀಘ್ರವಾಗಿ ಹೇಗೆ ಹುಡುಕುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸ್ಥಳನಾಮಗಳನ್ನು ಅಭ್ಯಾಸಮಾಡುವ ಉಪಾಧ್ಯಾಯರೊಬ್ಬರು ಅಂಕೋಲೆಯ ಸುತ್ತಲಿನ ಊರುಗಳ ಮೇಲೆ ಒಂದೊಂದು ಟಿಪ್ಪಣಿಯನ್ನು ಬರೆದು, ಆಯಾ ಊರಿನ ಹೆಸರನ್ನೇ ಕಡತಕ್ಕಿಟ್ಟು ಗಣಕದಲ್ಲಿ ಶೇಖರಿಸಿದ್ದಾರೆಂದು ಭಾವಿಸೋಣ. ಕಾರವಾರದಿಂದ ಅಂಕೋಲೆಗೆ ಬರುವ ರಾಷ್ಟ್ರೀಯ ಹೆದ್ದಾರಿ ೬೬ರ ಮೇಲಿನ ಹಟ್ಟಿಕೇರಿ, ಅದೇ ತಾಲ್ಲೂಕಿನ ಹಾರವಾಡ, ಹಿಲ್ಲೂರು ಎಂಬ ಮೂರು ಹೆಸರುಗಳು ಅದರಲ್ಲಿವೆ. ಯಂತ್ರವು ಇವನ್ನು ಒಂದು ಮರದಂತೆ ಜೋಡಿಸಿಕೊಳ್ಳುತ್ತದೆ. ಬುಡದಲ್ಲಿ ಹಕಾರವಿದೆ, ಅಲ್ಲಿಂದ ಮೂರು ಕೊಂಬೆಗಳೊಡೆದು ಒಂದು ಹಟ್ಟಿಕೇರಿಗೆ, ಒಂದು ಹಾರವಾಡಕ್ಕೆ, ಒಂದು ಹಿಲ್ಲೂರಿಗೆ ಹೋಗುತ್ತದೆ. ಹುಡುಕುವವನು ಒತ್ತಿದ ಅಕ್ಷರಗಳನ್ನು ಹಿಡಿದು ಕೊಂಬೆಯಿಂದ ಕೊಂಬೆಗೆ ಸಾಗಿದರೆ ಸಾಕು. ಸಾವಿರಾರು ಹೆಸರುಗಳಿದ್ದರೂ ಎಲ್ಲವನ್ನೂ ನೋಡುವ ಶ್ರಮವಿಲ್ಲ. ಈ ರಚನೆಯನ್ನು ಕುರಿತು ಎಡ್ವರ್ಡ್ ಫ್ರೆಡ್ಕಿನ್ ೧೯೬೦ರಲ್ಲಿ ಲೇಖನವನ್ನು ಪ್ರಕಟಿಸಿ, ಅದಕ್ಕೆ ‘ಟ್ರೈ’ ಎಂದು ಹೆಸರಿಟ್ಟರು.

ಇಲ್ಲಿಯವರೆಗೆ ವಿವಾದವಿಲ್ಲ. ಆದರೆ ಈ ಮರದ ಒಂದೊಂದು ಗೆಣ್ಣಿನಲ್ಲಿ ಇರಬೇಕಾದುದು ಏನು? ಲಿಪಿಯ ಗುರುತೋ, ಉಚ್ಚರಿಸುವ ಅಕ್ಷರವೋ, ವೈಯಾಕರಣರ ವರ್ಣವೋ? ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಹುಟ್ಟದು. ಅಲ್ಲಿ ಒತ್ತುವ ಕೀಲಿಯೂ ಶೇಖರಿಸುವ ಗುರುತೂ ಕಾಣುವ ಅಕ್ಷರವೂ ಒಂದೇ. ಕನ್ನಡದಲ್ಲಿ ಈ ಮೂರೂ ಬೇರೆಬೇರೆ. ನಮ್ಮ ತೊಡಕೆಲ್ಲವೂ ಇಲ್ಲಿಂದಲೇ ಹುಟ್ಟುತ್ತದೆ.

೩

೧೯೯೧ರಲ್ಲಿ ಹೊರಟ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಅದಕ್ಕೆ ಆಧಾರವಾದುದು ೧೯೮೮ರ ‘ಇಸ್ಕಿ’ ಎಂಬ ಭಾರತೀಯ ಸಂಕೇತಕ್ರಮ. ಈ ಕ್ರಮವು ಲಿಪಿಕಾರನ ದೃಷ್ಟಿಯನ್ನು ಅನುಸರಿಸಿದೆ. ಇದರಲ್ಲಿ ‘ಕ’ ಎಂಬುದು ಅಕಾರಸಹಿತವಾದ ಒಂದೇ ಗುರುತು. ಸ್ವರಚಿಹ್ನವು ಬಂದರೆ ಆ ಅಕಾರವು ತೊಲಗುತ್ತದೆ. ಹಲಂತಚಿಹ್ನವು ಬಂದರೆ ಸ್ವರವೇ ಇಲ್ಲವಾಗುತ್ತದೆ. ವೈಯಾಕರಣರ ದೃಷ್ಟಿಯು ಇದಕ್ಕೆ ವಿಪರೀತವಾದುದು. ಅವರಿಗೆ ಮೂಲವಾದುದು ಸ್ವರರಹಿತವಾದ ವ್ಯಂಜನ. ‘ಕ’ ಎಂಬುದು ಕ್ ಮತ್ತು ಅ ಎಂಬೆರಡರ ಯೋಗ.

ಹಟ್ಟಿಕೇರಿ ಎಂಬ ಹೆಸರನ್ನೇ ಪರೀಕ್ಷಿಸೋಣ. ಅಕ್ಷರಗಳು ನಾಲ್ಕು: ಹ, ಟ್ಟಿ, ಕೇ, ರಿ. ಯೂನಿಕೋಡಿನಲ್ಲಿ ಗುರುತುಗಳು ಒಂಬತ್ತು: ಹಕಾರ, ಟಕಾರ, ಹಲಂತ, ಟಕಾರ, ಇಕಾರಚಿಹ್ನ, ಕಕಾರ, ಏಕಾರಚಿಹ್ನ, ರಕಾರ, ಇಕಾರಚಿಹ್ನ. ವರ್ಣಗಳೂ ಒಂಬತ್ತೇ: ಹ್, ಅ, ಟ್, ಟ್, ಇ, ಕ್, ಏ, ರ್, ಇ. ಸಂಖ್ಯೆಯು ಒಂದೇ ಆದರೂ ಇವು ಬೇರೆಬೇರೆ ವಸ್ತುಗಳು. ಮೊದಲನೆಯ ಒಂಬತ್ತರಲ್ಲಿ ಹಲಂತವುಂಟು, ಅಕಾರವಿಲ್ಲ. ಎರಡನೆಯ ಒಂಬತ್ತರಲ್ಲಿ ಅಕಾರವುಂಟು, ಹಲಂತವಿಲ್ಲ.

ಈ ಭೇದವು ಕೇವಲ ಶಾಸ್ತ್ರಚರ್ಚೆಯಲ್ಲವೆಂಬುದು ಕೀಲಿಮಣೆಯ ಮುಂದೆ ಕುಳಿತಾಗ ಗೊತ್ತಾಗುತ್ತದೆ. ಕನ್ನಡವನ್ನು ಒತ್ತುವ ಪದ್ಧತಿಗಳು ಮುಖ್ಯವಾಗಿ ಎರಡು. ಕೆ. ಪಿ. ರಾವ್ ಅವರ ವಿನ್ಯಾಸ, ಇನ್‌ಸ್ಕ್ರಿಪ್ಟ್ ಮೊದಲಾದವುಗಳಲ್ಲಿ ವ್ಯಂಜನದ ಕೀಲಿಯಿಂದ ಅಕಾರಸಹಿತವಾದ ಅಕ್ಷರವು ಬರುತ್ತದೆ. ಇವನ್ನು ಲಿಪಿಕ್ರಮವೆನ್ನಬಹುದು. ಇಂಗ್ಲಿಷ್ ಅಕ್ಷರಗಳಿಂದ ಉಚ್ಚಾರಣೆಯನ್ನು ಒತ್ತುವ ಇನ್ನೊಂದು ಪದ್ಧತಿಯಲ್ಲಿ ವ್ಯಂಜನದ ಕೀಲಿಯಿಂದ ಹಲಂತವೂ, ಆಮೇಲೆ ಸ್ವರದ ಕೀಲಿಯಿಂದ ಪೂರ್ಣಾಕ್ಷರವೂ ಬರುತ್ತದೆ. ಇದನ್ನು ಉಚ್ಚಾರಕ್ರಮವೆನ್ನಬಹುದು.

ಉಚ್ಚಾರಕ್ರಮದಿಂದ, ಹ್ರಸ್ವದ ಕೀಲಿಯನ್ನು ಎರಡು ಸಲ ಒತ್ತಿದರೆ ದೀರ್ಘವಾಗುವ ಪದ್ಧತಿಯಲ್ಲಿ, ಹಟ್ಟಿಕೇರಿಯನ್ನು ಬರೆಯಲು ಹತ್ತು ಒತ್ತುಗಳು ಬೇಕು. ಪರದೆಯ ಮೇಲೆ ಕ್ರಮವಾಗಿ ಮೂಡುವ ರೂಪಗಳು ಇವು: ಹ್, ಹ, ಹಟ್, ಹಟ್ಟ್, ಹಟ್ಟಿ, ಹಟ್ಟಿಕ್, ಹಟ್ಟಿಕೆ, ಹಟ್ಟಿಕೇ, ಹಟ್ಟಿಕೇರ್, ಹಟ್ಟಿಕೇರಿ. ಪ್ರತಿಯೊಂದು ಹಂತದಲ್ಲಿಯೂ ಲಾಂಚರು ಆಗ ಮೂಡಿದ ಗುರುತುಗಳನ್ನು ಶೇಖರದಲ್ಲಿರುವ ಹೆಸರಿನ ಆದಿಭಾಗದೊಡನೆ ಹೋಲಿಸುತ್ತದೆ. ‘ಹ್’ ಎಂಬುದರಲ್ಲಿ ಹಕಾರದ ಮೇಲೆ ಹಲಂತವಿದೆ. ಶೇಖರದ ಹೆಸರಿನಲ್ಲಿ ಹಕಾರದ ಮೇಲೆ ಟಕಾರವಿದೆ. ಆದಕಾರಣ ಹೆಸರು ಪಟ್ಟಿಯಲ್ಲಿಲ್ಲ. ‘ಹ’ ಎಂದಾಗ ಬರುತ್ತದೆ, ‘ಹಟ್’ ಎಂದಾಗಲೂ ಇರುತ್ತದೆ. ‘ಹಟ್ಟ್’ ಎಂದೊಡನೆ ಮಾಯವಾಗುತ್ತದೆ. ‘ಹಟ್ಟಿ’ ಎಂದೊಡನೆ ಮತ್ತೆ ಬರುತ್ತದೆ. ‘ಹಟ್ಟಿಕ್’, ‘ಹಟ್ಟಿಕೆ’, ‘ಹಟ್ಟಿಕೇರ್’ ಎಂಬಲ್ಲಿಯೂ ಇಲ್ಲ. ಹತ್ತು ಹಂತಗಳಲ್ಲಿ ಐದರಲ್ಲಿ, ಇರುವ ಹೆಸರು ಇಲ್ಲವೆಂದು ತೋರುತ್ತದೆ. ಒತ್ತುವವನು ಒಂದು ಕೀಲಿಯನ್ನೂ ತಪ್ಪಿಲ್ಲ, ಯಂತ್ರವು ತನ್ನ ನಿಯಮವನ್ನೂ ಮೀರಿಲ್ಲ. ಆದರೂ ಪಟ್ಟಿಯು ಬರಿದಾದುದನ್ನು ಕಂಡವನು ಕಡತವೇ ಇಲ್ಲವೆಂದು ತಿಳಿದು ನಡುವೆಯೇ ಕೈಬಿಡುವ ಸಂಭವವಿದೆ. ಕೆಲವು ತಂತ್ರಾಂಶಗಳು ಪದವು ಮುಗಿಯುವವರೆಗೆ ಹೋಲಿಕೆಯನ್ನೇ ತಡೆಹಿಡಿದು ಈ ದೋಷವನ್ನು ಮರೆಸುತ್ತವೆ. ಆದರೆ ಆಗ ಆದಿಯಿಂದ ಪೂರ್ಣವನ್ನು ಪಡೆಯುವ ಪ್ರಯೋಜನವೇ ಹೋಯಿತು.

ಲಿಪಿಕ್ರಮದಲ್ಲಿ ಈ ದೋಷವಿಲ್ಲ. ಇನ್ನೊಂದು ಬಗೆಯ ಕೊರತೆಯುಂಟು. ಅಲ್ಲಿ ಎರಡನೆಯ ಒತ್ತಿನಲ್ಲಿ ‘ಹಟ’ ಎಂದಾಗುತ್ತದೆ. ಹಟವೆಂಬುದು ತಾನೇ ಒಂದು ಪೂರ್ಣಶಬ್ದ. ಅದನ್ನೇ ಹುಡುಕುವವನೂ, ಹಟ್ಟಿಯ ದಾರಿಯಲ್ಲಿ ಇರುವವನೂ ಆ ಹಂತದಲ್ಲಿ ಒಂದೇ ರೂಪವನ್ನು ಒತ್ತಿರುತ್ತಾರೆ. ಯಂತ್ರವು ಇಬ್ಬರಿಗೂ ಉತ್ತರಕೊಡಬೇಕು.

ಇದಕ್ಕೆ ಪರಿಹಾರವು ವರ್ಣವಿಭಾಗದಲ್ಲಿದೆ. ಶೇಖರದ ಹೆಸರನ್ನೂ ಒತ್ತಿದ ಭಾಗವನ್ನೂ ವರ್ಣಗಳಾಗಿ ಬಿಡಿಸಿ ಹೋಲಿಸತಕ್ಕದ್ದು. ದೀರ್ಘಸ್ವರವನ್ನು, ಛಂದಸ್ಸಿನಲ್ಲಿ ಮಾಡುವಂತೆ, ಎರಡು ಮಾತ್ರೆಗಳೆಂದು ಎಣಿಸಿದರೆ ಹ್ರಸ್ವವು ದೀರ್ಘದ ಆದಿಯಾಗುತ್ತದೆ. ಹೀಗೆ ಮಾಡಿದಾಗ ಮೇಲಿನ ಹತ್ತು ರೂಪಗಳಲ್ಲಿ ಪ್ರತಿಯೊಂದೂ ಹಟ್ಟಿಕೇರಿಯ ಆದಿಯೇ ಆಗುತ್ತದೆ: ‘ಹ್’ ಎಂಬುದು ಮೊದಲ ವರ್ಣ, ‘ಹಟ್ಟ್’ ಎಂಬುದು ಮೊದಲ ನಾಲ್ಕು ವರ್ಣ, ‘ಹಟ್ಟಿಕೆ’ ಎಂಬುದು ಏಕಾರದ ಮೊದಲ ಮಾತ್ರೆಯವರೆಗಿನ ಭಾಗ. ಲಿಪಿಕ್ರಮದವರಿಗಾಗಿ ಇನ್ನೊಂದು ನಿಯಮವು ಸಾಕು: ಒತ್ತಿದ ಭಾಗದ ಕೊನೆಯಲ್ಲಿ ಸ್ವರಚಿಹ್ನವಿಲ್ಲದ ವ್ಯಂಜನವಿದ್ದರೆ, ಅದರ ಅಕಾರವನ್ನು ಇನ್ನೂ ನಿಶ್ಚಯವಾಗಿಲ್ಲವೆಂದು ಭಾವಿಸಬೇಕು. ಆಗ ‘ಹಟ’ ಎಂಬುದರಿಂದ ಹಟವೂ ಹಟ್ಟಿಯೂ ದೊರೆಯುತ್ತವೆ; ಅಕಾರವು ಸರಿಹೊಂದಿದುದನ್ನು ಮೊದಲು, ಹೊಂದದುದನ್ನು ಆಮೇಲೆ ತೋರಿಸಿದರಾಯಿತು. ನಿಘಂಟಿನಲ್ಲಿ ಶಬ್ದವನ್ನು ಹುಡುಕುವಾಗ ನಮ್ಮ ಕಣ್ಣು ಮಾಡುವುದೂ ಇದನ್ನೇ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು: ಜನರು ಓದುವುದು ಅಕ್ಷರವನ್ನು, ವರ್ಣವನ್ನಲ್ಲ, ಯಂತ್ರಕ್ಕೆ ವ್ಯಾಕರಣವನ್ನೇಕೆ ಕಲಿಸಬೇಕು? ಸಮಾಧಾನವೇನೆಂದರೆ, ಪರದೆಯ ಮೇಲೆ ಅಕ್ಷರವೇ ತೋರಲಿ. ಶೇಖರದಲ್ಲಿ ಲಿಪಿಯ ಗುರುತುಗಳೇ ಇರಲಿ. ಹೋಲಿಸುವ ಕ್ಷಣದಲ್ಲಿ ಮಾತ್ರ ವರ್ಣವು ಪ್ರಮಾಣವಾಗಲಿ. ಸಂಧಿಕಾರ್ಯವನ್ನು ವಿವರಿಸುವಾಗ ಉಪಾಧ್ಯಾಯರು ಕರಿಹಲಗೆಯ ಮೇಲೆ ಅಕ್ಷರವನ್ನು ಬಿಡಿಸಿ ತೋರಿಸಿ, ಪುಸ್ತಕದಲ್ಲಿ ಕೂಡಿಸಿಯೇ ಬರೆಯಿಸುವರಷ್ಟೆ.

೪

ಇನ್ನೊಂದು ತೊಡಕು, ಕಣ್ಣಿಗೆ ಒಂದೇ ಆಗಿರುವ ರೂಪವು ಯಂತ್ರದಲ್ಲಿ ಎರಡು ವಿಧವಾಗಿರುವುದು. ‘ಕೇ’ ಎಂಬುದನ್ನು ಕಕಾರ ಮತ್ತು ಏಕಾರಚಿಹ್ನ ಎಂದು ಎರಡು ಗುರುತುಗಳಿಂದ ಬರೆಯಬಹುದು. ಕಕಾರ, ಎಕಾರಚಿಹ್ನ, ದೀರ್ಘಚಿಹ್ನ ಎಂದು ಮೂರರಿಂದಲೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ವಿಧಿಸಿದೆ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಕೆಲಸವು ತಂತ್ರಾಂಶವನ್ನು ಬರೆಯುವವನದು. ಅವನು ಅದನ್ನು ಮರೆತರೆ ಹಟ್ಟಿಕೇರಿಯು ಹಟ್ಟಿಕೇರಿಗೆ ಹೊಂದದು.

ಇದಕ್ಕಿಂತ ಸೂಕ್ಷ್ಮವಾದುದು ಅರ್ಕಾವೊತ್ತಿನ ವಿಷಯ. ಹಟ್ಟಿಕೇರಿಗೆ ನೆರೆಯ ಊರು ಅವರ್ಸಾ. ಇದನ್ನು ಕೆಲವರು ಅರ್ಕಾವೊತ್ತಿನಿಂದ ‘ಅವರ್ಸಾ’ ಎಂದೂ, ಕೆಲವರು ರಕಾರದ ಕೆಳಗೆ ಸಕಾರವನ್ನು ಒತ್ತಾಗಿಟ್ಟು ‘ಅವರ‍್ಸಾ’ ಎಂದೂ ಬರೆಯುವರು. ಎರಡನೆಯ ರೂಪವು ಬರಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ಇಡಬೇಕು. ಕಡತವನ್ನು ಎರಡನೆಯ ರೂಪದಿಂದ ಹೆಸರಿಸಿದವರು ಮುಂದೊಂದು ದಿನ ಮೊದಲನೆಯ ರೂಪದಿಂದ ಹುಡುಕಿದರೆ, ‘ಅ’, ‘ಅವ’, ‘ಅವರ’ ಎಂಬ ಮೂರು ಒತ್ತುಗಳವರೆಗೆ ಕಾಣುತ್ತಿದ್ದ ಹೆಸರು ನಾಲ್ಕನೆಯದರಲ್ಲಿ ಇಲ್ಲವಾಗುತ್ತದೆ. ವರ್ಣದೃಷ್ಟಿಯಿಂದ ಎರಡೂ ಒಂದೇ: ಅ, ವ್, ಅ, ರ್, ಸ್, ದೀರ್ಘ ಆ. ಅದೃಶ್ಯವಾದ ಗುರುತಿಗೆ ಉಚ್ಚಾರಣೆಯಿಲ್ಲ. ಆದುದರಿಂದ ಹೋಲಿಕೆಯಲ್ಲಿ ಅದಕ್ಕೆ ಸ್ಥಾನವೂ ಇರಕೂಡದು. ಅಂಕೋಲೆಯನ್ನು ಬಿಂದುವಿನಿಂದ ಬರೆದರೂ ಹಳೆಯ ಪದ್ಧತಿಯಂತೆ ‘ಅಙ್ಕೋಲೆ’ ಎಂದು ಅನುನಾಸಿಕದಿಂದ ಬರೆದರೂ ಇದೇ ನ್ಯಾಯವು ಸಲ್ಲುತ್ತದೆ.

ಹಳಗನ್ನಡದ ಅಭ್ಯಾಸಿಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ದೇಶೀಯವರ್ಣಗಳಲ್ಲಿ ಎಣಿಸಿರುವ ೞಕಾರಕ್ಕೂ ಯೂನಿಕೋಡಿನಲ್ಲಿ ಸ್ಥಾನವುಂಟು. ಆದರೆ ಅದಕ್ಕೆ ಕೊಟ್ಟ ಹೆಸರು ‘ಕನ್ನಡ ಲೆಟರ್ ಫಾ’ ಎಂದು! ಇದು ಪ್ರಮಾದವೆಂದು ಯೂನಿಕೋಡಿನವರೇ ಒಪ್ಪಿ, ಸರಿಯಾದ ಉಪನಾಮವೊಂದನ್ನು ಕೊಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಮೂಲನಾಮವು ಮಾತ್ರ ಹಾಗೆಯೇ ಉಳಿದಿದೆ. ಹೆಸರಿಗಿಂತ ಸ್ಥಾನವೇ ಹೆಚ್ಚು ತೊಡಕಿನದು. ಉಳಿದ ವ್ಯಂಜನಗಳ ಸಂಕೇತಗಳು ಹೆಚ್ಚುಕಡಮೆ ವರ್ಣಮಾಲೆಯ ಕ್ರಮದಲ್ಲಿವೆ. ೞಕಾರವೊಂದು ಹಕಾರವನ್ನೂ ಸ್ವರಚಿಹ್ನಗಳನ್ನೂ ದಾಟಿ ಆಚೆಗಿದೆ. ಸಂಕೇತದ ಕ್ರಮವನ್ನೇ ಅಕಾರಾದಿಯೆಂದು ನಂಬುವ ಯಂತ್ರವು ‘ಮೞೆ’ಯನ್ನು ‘ಮಹಿಮೆ’ಗಿಂತ ಕೆಳಗೆ ತೋರಿಸುತ್ತದೆ, ‘ಮಳೆ’ ಎಂದು ಹುಡುಕಿದವನಿಗೆ ಅದನ್ನು ತೋರಿಸುವುದೇ ಇಲ್ಲ. ಪಂಪನ ಕಾಲದ ರೂಪವೂ ನಮ್ಮ ಕಾಲದ ರೂಪವೂ ಒಂದೇ ಶಬ್ದವೆಂಬ ತಿಳಿವಳಿಕೆಯನ್ನು ನಾವು ಕೊಡದೆ ಯಂತ್ರವು ತಾನಾಗಿ ಪಡೆಯಲಾರದು.

೫

ಆದಿಯನ್ನು ಮರೆತು ಅಂತ್ಯವನ್ನು ಮಾತ್ರ ನೆನಪಿಟ್ಟವರೂ ಉಂಟು. ವಚನದ ಮೊದಲನ್ನು ಮರೆತರೂ ಅಂಕಿತದಿಂದ ವಚನಕಾರನನ್ನು ಗುರುತಿಸುವುದು ನಮಗೆ ರೂಢಿಯಾಗಿಯೇ ಇದೆ. ಇಂಥವರಿಗಾಗಿ ಕೆಲವು ಲಾಂಚರುಗಳು ಹೆಸರಿನ ನಡುವೆ ಅಥವಾ ಕೊನೆಯಲ್ಲಿ ಬರುವ ಭಾಗವನ್ನೂ ಹುಡುಕುತ್ತವೆ. ಅಲ್ಲಲ್ಲಿಯ ಅಕ್ಷರಗಳನ್ನು ಹೆಕ್ಕಿ ಒತ್ತಿದರೂ ಹೊಂದಿಸಿಕೊಳ್ಳುತ್ತವೆ. ನಮ್ಮ ಉಪಾಧ್ಯಾಯರು ‘ಕೇರಿ’ ಎಂದು ಒತ್ತಿದರೆ ಹಟ್ಟಿಕೇರಿ, ಬೇಲೇಕೇರಿ, ಭಾವಿಕೇರಿ ಎಂಬವು ದೊರೆಯುತ್ತವೆ. ಅದೇ ತಾಲ್ಲೂಕಿನ ಶೆಟಗೇರಿ, ಸಗಡಗೇರಿ, ಅಲಗೇರಿಗಳು ದೊರೆಯುವುದಿಲ್ಲ. ಇವುಗಳಲ್ಲಿಯೂ ಕೇರಿ ಶಬ್ದವೇ ಆದೇಶಸಂಧಿಯಿಂದ ಗೇರಿಯಾಗಿರುವಂತೆ ತೋರುತ್ತದೆ. ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗುವುವೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದಿರುವ ಸೂತ್ರ. ಪದದ ಒಳಗಣ ಹುಡುಕಾಟಕ್ಕೆ ಇದೊಂದನ್ನು ಸೇರಿಸಿದರೆ ಆರು ಊರುಗಳೂ ಒಂದೇ ಪಟ್ಟಿಯಲ್ಲಿ ಬರುವುವು. ಸ್ಥಳನಾಮಗಳ ಅಭ್ಯಾಸಿಗೆ ಇದರಿಂದಾಗುವ ಪ್ರಯೋಜನವನ್ನು ಬಣ್ಣಿಸಬೇಕಾಗಿಲ್ಲ.

ಆದರೆ ಇಲ್ಲಿ ಎಚ್ಚರವೂ ಬೇಕು. ಬೇಲೇಕೇರಿ, ಬೇಲೆಕೇರಿ, ಬೇಲಿಕೇರಿ, ಕಾರವಾರ, ಕಾರ್ವಾರ, ಅಂಕೋಲ, ಅಂಕೋಲಾ: ಇವೆಲ್ಲ ಒಂದೊಂದು ಊರಿನ ಬೇರೆಬೇರೆ ಬರವಣಿಗೆಗಳು. ಕನ್ನಡವೂ ಕೊಂಕಣಿಯೂ ಒಂದೇ ಬೀದಿಯಲ್ಲಿ ಕೇಳಿಬರುವ ಕರಾವಳಿಯಲ್ಲಿ ಇಂಥ ಭೇದಗಳು ಸಹಜ. ಸಾಮಾನ್ಯವಾಗಿ ಲಾಂಚರುಗಳು ಹೆಚ್ಚಾಗಿ ಬಳಸಿದ ರೂಪವನ್ನು ಪಟ್ಟಿಯ ಮೇಲೆ ಇಡುತ್ತವೆ. ಮೇಲಿರುವುದನ್ನು ಜನರು ಆರಿಸುವರು. ಆರಿಸಿದುದು ಇನ್ನೂ ಮೇಲೆ ನಿಲ್ಲುವುದು. ಹೀಗೆ ಬಹುಜನರ ರೂಪವು ಅಲ್ಪಜನರ ರೂಪವನ್ನು ಕ್ರಮೇಣ ಮರೆಮಾಡುತ್ತದೆ. ಪಾಠಾಂತರಗಳ ವಿಷಯದಲ್ಲಿ ಗ್ರಂಥಸಂಪಾದಕನು ಅನುಸರಿಸುವ ಧರ್ಮವೇ ಇಲ್ಲಿಯೂ ಯೋಗ್ಯವಾದುದು. ಎಲ್ಲ ರೂಪಗಳಿಂದಲೂ ಹುಡುಕಲು ಸಾಧ್ಯವಿರಲಿ. ಆದರೆ ಬರೆದವನು ಇಟ್ಟ ರೂಪವನ್ನು ಯಂತ್ರವು ತಿದ್ದಬಾರದು. ಹೋಲಿಕೆಯಲ್ಲಿ ಉದಾರತೆ, ಶೇಖರದಲ್ಲಿ ನಿಷ್ಠೆ ಎಂದು ಇದನ್ನು ಸಂಗ್ರಹಿಸಬಹುದು.

೬

ಕಡೆಯದಾಗಿ ಆಜ್ಞೆಗಳ ವಿಷಯ. ಲಾಂಚರಿನಲ್ಲಿ ಬರಿಯ ಹೆಸರನ್ನಲ್ಲದೆ ‘ತೆರೆ’, ‘ಕಳುಹಿಸು’, ‘ಅಳಿಸು’ ಎಂಬ ಕ್ರಿಯೆಗಳನ್ನೂ ಹೇಳಬಹುದು. ಇಂಗ್ಲಿಷಿನ ರೀತಿಯಲ್ಲಿ ಕ್ರಿಯೆಯು ಮೊದಲು, ಕರ್ಮವು ಆಮೇಲೆ. ಕನ್ನಡದಲ್ಲಿ ಕರ್ಮವು ಮೊದಲು, ಕ್ರಿಯೆಯು ಕೊನೆಗೆ. ವಿಶೇಷವೇನೆಂದರೆ, ಮೇಲೆ ಹೇಳಿದ ಕ್ವಿಕ್‌ಸಿಲ್ವರಿನಲ್ಲಿ ಮೊದಲನೆಯ ಮನೆಯಲ್ಲಿ ವಸ್ತುವನ್ನು, ಎರಡನೆಯದರಲ್ಲಿ ಕ್ರಿಯೆಯನ್ನು ಆರಿಸಬೇಕು. ಇದು ತಿಳಿಯದೆಯೇ ನಮ್ಮ ವಾಕ್ಯಕ್ರಮವಾಗಿದೆ. ಈ ಕ್ರಮಕ್ಕೆ ಒಂದು ಗುಣವುಂಟು. ಕರ್ಮವು ಗೊತ್ತಾದ ಮೇಲೆ ಯೋಗ್ಯವಾದ ಕ್ರಿಯೆಗಳು ಕೆಲವೇ ಉಳಿಯುತ್ತವೆ. ಶಾಬ್ದಬೋಧದ ಪರಿಭಾಷೆಯಲ್ಲಿ ಹೇಳುವುದಾದರೆ, ‘ಟಿಪ್ಪಣಿಯನ್ನು’ ಎಂಬ ಪದವು ಕ್ರಿಯಾಪದದ ಆಕಾಂಕ್ಷೆಯನ್ನು ಹುಟ್ಟಿಸುತ್ತದೆ. ಯಾವ ಕ್ರಿಯೆಯು ಹೊಂದುವುದೆಂಬುದನ್ನು ಯೋಗ್ಯತೆಯು ನಿರ್ಣಯಿಸುತ್ತದೆ. ‘ಟಿಪ್ಪಣಿಯನ್ನು ಗೆಳೆಯನಿಗೆ’ ಎಂದಾಗ ಚತುರ್ಥೀವಿಭಕ್ತಿಯೊಂದೇ ‘ತೆರೆ’, ‘ಅಳಿಸು’ಗಳನ್ನು ಹಿಂದೆ ಸರಿಸಿ ‘ಕಳುಹಿಸು’ ಎಂಬುದನ್ನು ಮುಂದಿಡಲು ಸಾಕಾದ ಕಾರಣವಾಗುತ್ತದೆ. ಹೀಗೆ ವಿಭಕ್ತಿಪ್ರತ್ಯಯವು ಇಂಗ್ಲಿಷಿನ ಪದಸ್ಥಾನಕ್ಕಿಂತ ಬಲವಾದ ಸೂಚನೆಯನ್ನು ಯಂತ್ರಕ್ಕೆ ಕೊಡಬಲ್ಲುದು. ಅದಕ್ಕಾಗಿ ‘ಟಿಪ್ಪಣಿಯನ್ನು’ ಎಂಬಲ್ಲಿ ಯಕಾರವು ಆಗಮವೆಂಬುದನ್ನೂ, ಹೆಸರು ‘ಟಿಪ್ಪಣಿ’ಯೇ ಎಂಬುದನ್ನೂ ಬಿಡಿಸಿ ತಿಳಿಯುವ ಶಕ್ತಿಯು ಅದಕ್ಕೆ ಇರಬೇಕು.

ತಂತ್ರಾಂಶಗಳ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿಯೇ ಇರುವಾಗ ಈ ವಿಚಾರದಿಂದ ಫಲವೇನೆಂದು ಕೆಲವರು ಕೇಳಬಹುದು. ತಂತ್ರಾಂಶದ ಹೆಸರು ಬೇರೆಯವರು ಇಟ್ಟುದು. ಕಡತದ ಹೆಸರು ನಮ್ಮದು. ಕನ್ನಡದಲ್ಲಿ ಇಟ್ಟ ಹೆಸರು ಹುಡುಕಿದಾಗ ಸಿಕ್ಕುವುದಿಲ್ಲವೆಂದು ಎರಡು ಸಲ ಅನುಭವವಾದರೆ, ಮೂರನೆಯ ಸಲ ಹೆಸರನ್ನು ಇಂಗ್ಲಿಷಿನಲ್ಲಿಯೇ ಇಡುವುದು ಮನುಷ್ಯಸ್ವಭಾವ. ಯಾವ ಆಜ್ಞೆಯೂ ನಿಷೇಧವೂ ಇಲ್ಲದೆ ಕನ್ನಡವು ಗಣಕದ ಹೊಸ್ತಿಲಿನಿಂದ ಹಿಂದೆ ಸರಿಯುವುದು ಇಂಥ ಸಣ್ಣ ಅಡಚಣೆಗಳಿಂದಲೇ.

ವರ್ಣಗಳಾಗಿ ಬಿಡಿಸುವ ತಂತ್ರವನ್ನು ಗಣಕಶಾಸ್ತ್ರಜ್ಞರು ಸುಲಭವಾಗಿ ಬರೆಯಬಲ್ಲರು. ಯಾವ ರೂಪಗಳು ಒಂದೇ ಶಬ್ದವೆಂದು ಎಣಿಸತಕ್ಕವು, ಯಾವುವು ಅಲ್ಲ ಎಂಬ ನಿರ್ಣಯವು ಮಾತ್ರ ಭಾಷಾಭ್ಯಾಸಿಗಳದು. ೞಕಾರವು ಎಲ್ಲಿ ಳಕಾರವಾಗಿದೆ, ಎಲ್ಲಿ ರಕಾರವಾಗಿದೆ. ಯಾವ ಸ್ಥಳನಾಮದಲ್ಲಿ ಗೇರಿಯು ಕೇರಿಯಿಂದ ಬಂದುದು, ಯಾವುದರಲ್ಲಿ ಗೇರುಮರದಿಂದ ಬಂದಿರಬಹುದು: ಇಂಥವನ್ನು ಪಟ್ಟಿಮಾಡಬೇಕಾದವರು ನಾವು. ಊರಿನ ಹೆಸರನ್ನು ಸಂಗ್ರಹಿಸುವ ಉಪಾಧ್ಯಾಯರು ಆ ಊರಿನವರು ಅದನ್ನು ಬರೆಯುವ ರೂಪಗಳನ್ನೂ ಉಚ್ಚರಿಸುವ ರೀತಿಯನ್ನೂ ಜತೆಯಲ್ಲಿಯೇ ಗುರುತುಮಾಡಿಕೊಂಡರೆ, ಆ ಕಾರ್ಯವು ಆರಂಭವಾದಂತೆಯೇ ಸರಿ.